ಕ್ಯಾಮೆರಾ ಹಿಡಿದವನಿಗೆ

ಪ್ರೀತಿಯ ಭಾಗವತರಿಗೆ,

ಫೋನ್ ಮಾಡಿದರೆ ನೀನು ಎರಡು ಮಾತಿಗೊಮ್ಮೆ 'ಮತ್ತೆಂತ ಮಾರಾಯ' ಅನ್ನುತ್ತೀಯ. ಮೆಸೇಜಿಗೆ ಹೆಬ್ಬೆರಳು ಒತ್ತಿ ಕೈ ತೊಳೆದುಕೊಳ್ಳುತ್ತೀಯ. ಅದಕ್ಕೇ ಈ ಸಲ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ಮರ್ಯಾದೆಗಾದರೂ ಪೂರ್ತಿ ಓದುತ್ತೀಯಲ್ಲ. (ಉಳಿದವರ ಗಮನಕ್ಕೆ: ಇವನಿಗೆ ಯಕ್ಷಗಾನದ ಒಂದು ಪದ ಹಾಡಲಿಕ್ಕೂ ಬರುವುದಿಲ್ಲ. ಭಾಗವತ ಅನ್ನುವ ಹೆಸರು ಹೇಗೆ ಬಂತು ಅಂತ ಬಸ್ರೂರಿನ ಕಡೆಯವರನ್ನು ಕೇಳಬೇಡಿ, ಅವರಿಗೆ ಇನ್ನೂ ಸಿಟ್ಟಿದೆ.)

ವಿಷಯಕ್ಕೆ ಬರುತ್ತೇನೆ. ಕ್ಲೋಡ್ ಕಾಹುನ್ ಅಂತ ಒಬ್ಬರು ಫ್ರೆಂಚ್ ಕಲಾವಿದರು ನನ್ನ ತಲೆಯೊಳಗೆ ಬಂದು ಕೂತಿದ್ದಾರೆ, ಎದ್ದು ಹೋಗುವ ಲಕ್ಷಣ ಕಾಣುತ್ತಿಲ್ಲ.

ಮೊದಲು ಸಿಕ್ಕಿದ್ದು 1927ರ ಸುಮಾರಿನ ಒಂದು ಫೋಟೋ. ಭಾರ ಎತ್ತುವ ಪೈಲ್ವಾನನ ವೇಷ. ಕಾಲ ಮೇಲೆ ಕಾಲು ಹಾಕಿ ಕೂತು, ತೊಡೆಯ ಮೇಲೆ ಗುಂಡಿನ ಸರಳು ಇಟ್ಟುಕೊಂಡಾಗಿದೆ. ಆದರೆ ಪೈಲ್ವಾನನ ಹಣೆಯ ಮೇಲೆ ಕೂದಲಿನ ಸುರುಳಿ, ತುಟಿಗೆ ಬಣ್ಣ, ಕೆನ್ನೆಯ ಮೇಲೆ ಬರೆದ ಹೃದಯ. ಎದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿದೆ: ನಾನು ತಾಲೀಮಿನಲ್ಲಿದ್ದೇನೆ, ಮುತ್ತು ಕೊಡಬೇಡಿ. ನಕ್ಕುಬಿಟ್ಟೆ. ಆಮೇಲೆ ಆ ಕಣ್ಣು ನೋಡಿದೆ. ಕಣ್ಣು ನಗುತ್ತಿರಲಿಲ್ಲ. ಇಷ್ಟೆಲ್ಲ ಬಣ್ಣ ಬಳಿದುಕೊಂಡು ಒಬ್ಬರು ಇಷ್ಟು ನೆಟ್ಟಗೆ ನೋಡಬಹುದು ಅಂತ ನನಗೆ ಗೊತ್ತಿರಲಿಲ್ಲ.

ಇನ್ನೂ ಇವೆ. ತಲೆ ನುಣ್ಣಗೆ ಬೋಳಿಸಿಕೊಂಡದ್ದು. ಗಾಜಿನ ಗಂಟೆಯೊಳಗೆ ಬರೀ ತಲೆ ಇಟ್ಟಂತೆ ಕಾಣುವುದು. 1932ರ ಹೊತ್ತಿನದೊಂದು, ದೊಡ್ಡ ಕಪಾಟಿನ ನಡುವಿನ ಅಂಕಣದಲ್ಲಿ ಮಕ್ಕಳ ಹಾಗೆ ಮುದುಡಿ ಮಲಗಿರುವುದು. ಪ್ಯಾರಿಸಿನ ಸರ್ರಿಯಲಿಸ್ಟ್ ಗಂಡಸರು, ಅಂದರೆ ಕನಸು, ಸುಪ್ತ ಮನಸ್ಸಿನಿಂದ ಕಲೆ ಕಟ್ಟುತ್ತಿದ್ದವರು, ಆ ಕಾಲಕ್ಕೆ ಹೆಂಗಸನ್ನು ಕನಸು ಅಂತಲೋ ಬೊಂಬೆ ಅಂತಲೋ ಬರೆದು, ಬಿಡಿಸಿ ದಣಿಯುತ್ತಿದ್ದರು. ಇವರು ತಾವೇ ಬೊಂಬೆಯಾಗಿ, ಪಿಶಾಚಿಯಾಗಿ, ಸೂಟು ಹಾಕಿದ ಗಂಡಸಾಗಿ ಕೂತು ವಾಪಸು ದಿಟ್ಟಿಸಿದರು. ಆ ಗುಂಪಿನ ಮುಂದಾಳು ಆಂದ್ರೆ ಬ್ರೆತೋನನ ಬಳಗದ ಒಡನಾಟವೂ ಇತ್ತು, ಆದರೆ ಅವನ ಬಳಗಕ್ಕೆ ಇವರನ್ನು ಎಲ್ಲಿ ಕೂರಿಸಬೇಕು ಅಂತ ಪೂರ್ತಿ ತಿಳಿಯಲಿಲ್ಲ ಅಂತ ನನ್ನ ಅನುಮಾನ.

ಹುಟ್ಟಿದ್ದು 1894ರಲ್ಲಿ, ನಾಂತ್ ಊರಿನಲ್ಲಿ. ಹುಟ್ಟುಹೆಸರು ಲೂಸಿ ಶ್ವಾಬ್. ಯಹೂದಿ ಮನೆತನ, ತಂದೆಯದ್ದು ಸ್ವಂತ ಪತ್ರಿಕೆ, ಚಿಕ್ಕಪ್ಪ ಮಾರ್ಸೆಲ್ ಶ್ವಾಬ್ ದೊಡ್ಡ ಲೇಖಕ. ತಾಯಿಗೆ ಮನಸ್ಸಿನ ಕಾಯಿಲೆ, ಆಸ್ಪತ್ರೆಯಲ್ಲೇ ಇಟ್ಟರು. ಸಾಕಿದ್ದು ಅಜ್ಜಿ, ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಮುಂದೆ ಜೀವನವಿಡೀ ತನ್ನ ಮುಖದ ಚಿತ್ರ ತೆಗೆಸಿಕೊಂಡವರನ್ನು ಸಾಕಿದ ಅಜ್ಜಿ ಆ ಮುಖ ನೋಡಿಯೇ ಇರಲಿಲ್ಲವೇನೋ. ಇದನ್ನು ಓದಿ ಅರ್ಧ ದಿನ ಕೆಲಸ ಕೆಟ್ಟಿತು ನನ್ನದು.

ಡ್ರೇಫಸ್ ಎಂಬ ಯಹೂದಿ ಸೇನಾಧಿಕಾರಿಯ ಮೇಲೆ ದೇಶದ್ರೋಹದ ಸುಳ್ಳು ಆರೋಪ ಹೊರಿಸಿ ಎದ್ದ ಗಲಾಟೆಯ ಕಾಲದಲ್ಲಿ ಯಹೂದಿ ಮಗು ಅಂತ ಶಾಲೆಯಲ್ಲಿ ಕಾಟ, ಸ್ವಲ್ಪ ಕಾಲ ಇಂಗ್ಲೆಂಡಿಗೆ ಕಳಿಸಿದರು. 1909ರಲ್ಲಿ ಸುಝಾನ್ ಮಾಲೆರ್ಬ್ ಎಂಬ ಹುಡುಗಿಯ ಸ್ನೇಹವಾಯಿತು. ಸ್ನೇಹ ಪ್ರೇಮವಾಯಿತು. ಅಷ್ಟರಲ್ಲಿ 1917ಕ್ಕೆ ಇವರ ತಂದೆ, ವಿಧವೆಯಾಗಿದ್ದ ಸುಝಾನಳ ತಾಯಿಯನ್ನು ಮದುವೆಯಾದರು! ಊರಿನ ಕಣ್ಣಿಗೆ ಇಬ್ಬರೂ ಅಕ್ಕತಂಗಿಯರು. ಒಂದೇ ಮನೆಯಲ್ಲಿದ್ದರೆ ಇನ್ನು ಯಾರೂ ಕೇಳುವ ಹಾಗಿಲ್ಲ. ನಮ್ಮ ಯಾವ ಪ್ರಸಂಗಕರ್ತನೂ ಇಷ್ಟು ಚೆಂದ ಗಂಟು ಹಾಕಿದ್ದಿಲ್ಲ. ಲೂಸಿ ಗಂಡಿಗೂ ಹೆಣ್ಣಿಗೂ ಇಡುವ ಕ್ಲೋಡ್ ಎಂಬ ಹೆಸರು ತಗೊಂಡರು. ಸುಝಾನ್ ಮಾರ್ಸೆಲ್ ಮೂರ್ ಆದರು. ಆಮೇಲೆ ಪ್ಯಾರಿಸ್, ಮೊಂಪರ್ನಾಸಿನ ಮನೆ, ಸಣ್ಣ ರಂಗಮಂದಿರಗಳಲ್ಲಿ ಪಾತ್ರ, 1930ರಲ್ಲಿ ಒಂದು ವಿಚಿತ್ರ ಪುಸ್ತಕ. ಆತ್ಮಕಥೆ ಅಂತ ಹಿಡಿದರೆ ಆತ್ಮವೂ ಸಿಗುವುದಿಲ್ಲ ಕಥೆಯೂ ಸಿಗುವುದಿಲ್ಲ.

ಈಗ ನನ್ನ ನಿದ್ದೆ ಕೆಡಿಸಿದ ಭಾಗ.

ಈ ಫೋಟೋಗಳಿಗೆಲ್ಲ ಮ್ಯೂಸಿಯಮ್ಮಿನವರು ಕೊಟ್ಟಿರುವ ಹೆಸರು ಸ್ವಂತ ಭಾವಚಿತ್ರ. ಸ್ವಂತ ಅಂತೆ! ಗುಂಡು ಹಿಡಿದು ಕೂತವರ ಎರಡೂ ಕೈ ಅಲ್ಲೇ ಇವೆಯಲ್ಲ ಮಾರಾಯ. ಬಟನ್ ಒತ್ತಿದ್ದು ಯಾರು? ಎಷ್ಟೋ ಚಿತ್ರಗಳಲ್ಲಿ ಅದು ಮೂರ್. ಕೆಲವದರಲ್ಲಿ ತೆಗೆದವರ ನೆರಳು ಕೆಳಗೆ ಬಿದ್ದಿದೆ, ಅಳಿಸಲಿಕ್ಕೂ ಹೋಗಿಲ್ಲ. 1928ರ ಒಂದು ಪ್ರಸಿದ್ಧ ಚಿತ್ರ ಇದೆ: ಚೌಕುಳಿ ಕೋಟು ಹಾಕಿ, ಕಾಲರ್ ಹಿಡಿದು, ಕನ್ನಡಿಯ ಪಕ್ಕ ನಿಂತದ್ದು. ಕನ್ನಡಿ ಪಕ್ಕ ನಿಂತವರು ಕನ್ನಡಿ ನೋಡಬೇಕು ತಾನೆ? ಕಾಹುನ್ ನೋಡುತ್ತಿರುವುದು ಕ್ಯಾಮೆರಾದ ಕಡೆ. ಕನ್ನಡಿಯೊಳಗಿನ ಮುಖ ಮಾತ್ರ ಬೇರೆಲ್ಲೋ ನೋಡುತ್ತದೆ. ಅದೇ ಕನ್ನಡಿಯ ಹತ್ತಿರ ಮೂರ್ ನಿಂತ ಜೋಡಿಚಿತ್ರವೂ ಇದೆ. ಅದನ್ನು ಹೆಚ್ಚು ಜನ ಅಚ್ಚು ಹಾಕುವುದಿಲ್ಲ. ಸರದಿ ಪ್ರಕಾರ ಕ್ಯಾಮೆರಾ ಬದಲಾಯಿಸಿಕೊಂಡಿದ್ದಾರೆ ಇಬ್ಬರು, ಅಷ್ಟೆ.

ಬದುಕಿದ್ದಾಗ ಇವುಗಳನ್ನು ಹೊರಗಿನವರಿಗೆ ತೋರಿಸಿದ್ದು ತೀರಾ ಕಡಿಮೆ. 1930ರಲ್ಲಿ ಬಿಫೂರ್ ಎಂಬ ಪತ್ರಿಕೆಯಲ್ಲಿ ಒಂದು ಬಂತು, ಕೆಲವನ್ನು ಕತ್ತರಿಸಿ ಆ ಪುಸ್ತಕದ ಕೊಲಾಜುಗಳಿಗೆ ಇಬ್ಬರೂ ಸೇರಿ ಅಂಟಿಸಿದರು. ಉಳಿದದ್ದೆಲ್ಲ ಅಂಗೈಯಗಲದ ಕಾಗದಗಳು, ಮನೆಯಲ್ಲೇ ಉಳಿದವು. ಅಂದರೆ ಅಷ್ಟೂ ವೇಷ ಒಬ್ಬ ಪ್ರೇಕ್ಷಕಿಗೆ.

ತಡಿ, ಜರ್ಸಿಯ ಕಥೆ ಹೇಳದಿದ್ದರೆ ನೀನು ಬೈಯುತ್ತೀಯ, ನಿನ್ನ ಜರ್ಮನ್ನಿಗೆ ಸಂಬಂಧಪಟ್ಟದ್ದು. 1937ರಲ್ಲಿ ಇಬ್ಬರೂ ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪಕ್ಕೆ ಹೋಗಿ, ಸಮುದ್ರದ ಬದಿ, ಇಗರ್ಜಿಯ ಸ್ಮಶಾನಕ್ಕೆ ತಾಗಿಕೊಂಡ ಮನೆಯಲ್ಲಿ ಇಳಿದರು. ಅಲ್ಲಿ ಹಳೆಯ ಹೆಸರುಗಳೇ, ಯಾರೋ ಫ್ರೆಂಚ್ ಅಮ್ಮಂದಿರು. 1940ರ ಜುಲೈಯಲ್ಲಿ ನಾಜಿಗಳು ದ್ವೀಪ ಹಿಡಿದರು. ಐವತ್ತರ ಹತ್ತಿರ ಬಂದಿದ್ದ ಇವರಿಬ್ಬರು ಕದ್ದು ಬಿಬಿಸಿ ಕೇಳುವುದು, ಸುದ್ದಿಯನ್ನು ತೆಳು ಕಾಗದದಲ್ಲಿ ಟೈಪು ಮಾಡುವುದು, ಜರ್ಮನ್ ಬಲ್ಲ ಮೂರ್ ಅದನ್ನು ಜರ್ಮನ್ನಿಗೆ ತರುವುದು, ಕೆಳಗೆ 'ಹೆಸರಿಲ್ಲದ ಸೈನಿಕ' ಅಂತ ಸಹಿ. ಸಿಗರೇಟು ಪ್ಯಾಕಿನೊಳಗೆ, ನಿಲ್ಲಿಸಿದ ಕಾರಿನೊಳಗೆ, ಸೈನಿಕರ ಕೋಟಿನ ಜೇಬಿಗೆ. ಓದಿದವನಿಗೆ ತನ್ನ ಪಡೆಯೊಳಗೇ ಯಾರೋ ಯುದ್ಧ ಬೇಡ ಅನ್ನುತ್ತಿದ್ದಾರೆ ಅನ್ನಿಸಬೇಕು. ಗಂಡು ಸೈನಿಕನ ವೇಷ, ಆದರೆ ಬಟ್ಟೆ ಇಲ್ಲ ಬಣ್ಣ ಇಲ್ಲ, ಬರೀ ಅಕ್ಷರದಲ್ಲಿ. ಇಬ್ಬರು ಹೆಂಗಸರ ಕೆಲಸ ಅಂತ ಅವರಿಗೆ ಬಹುಕಾಲ ಹೊಳೆಯಲೇ ಇಲ್ಲ.

1944ರ ಜುಲೈ 25ಕ್ಕೆ ಸಿಕ್ಕಿಬಿದ್ದರು. ಇಬ್ಬರೂ ನಿದ್ದೆ ಮಾತ್ರೆ ನುಂಗಿದರು, ಸಾಯಲಿಲ್ಲ. ನವೆಂಬರಿನಲ್ಲಿ ಮರಣದಂಡನೆ, ಜೊತೆಗೆ ರೇಡಿಯೋ ಮುಂತಾದ್ದಕ್ಕೆ ಬೇರೆ ಜೈಲುಶಿಕ್ಷೆ. ಮೊದಲು ಜೈಲು ಮುಗಿಸಿ ಆಮೇಲೆ ಸಾಯಬೇಕೋ ಅಂತ ಕಾಹುನ್ ಕೇಳಿದರಂತೆ. ಮರಣದಂಡನೆ ರದ್ದಾಗಿ 1945ರ ಮೇ 8ಕ್ಕೆ ಬಿಡುಗಡೆ. ಆ ತಿಂಗಳಿನದೇ ಒಂದು ಫೋಟೋ: ತಲೆಗೆ ವಸ್ತ್ರ ಕಟ್ಟಿದ ವಯಸ್ಸಾದ ಹೆಂಗಸು, ಹಲ್ಲಿನ ನಡುವೆ ನಾಜಿ ಹದ್ದಿನ ಬಿಲ್ಲೆ ಕಚ್ಚಿಕೊಂಡಿದ್ದಾರೆ. ಮನೆ ಶೋಧದಲ್ಲಿ ಎಷ್ಟೋ ಹಳೆಯ ಚಿತ್ರಗಳನ್ನು ಸೈನಿಕರು ನಾಶ ಮಾಡಿದ್ದರು. ಆದರೂ ಹೊರಗೆ ಬಂದದ್ದೇ ಮಾಡಿದ್ದೇನು? ಮತ್ತೊಂದು ವೇಷ, ಮತ್ತೊಂದು ಫೋಟೋ. ಎದುರಿಗೆ ಯಾರಿದ್ದರು ಅಂತ ನಾನು ಬೇರೆ ಹೇಳಬೇಕಾ?

1954ರಲ್ಲಿ ಕಾಹುನ್ ತೀರಿಕೊಂಡರು. ಮೂರ್ 1972ರವರೆಗೆ ಇದ್ದರು, ಕೊನೆಗೆ ತಾವೇ ಜೀವ ಕಳೆದುಕೊಂಡರು. ಆ ನಡುವಿನ ವರ್ಷಗಳಲ್ಲಿ ಅವರು ಕ್ಯಾಮೆರಾ ಯಾವ ಕಡೆ ತಿರುಗಿಸುತ್ತಿದ್ದರು ಅನ್ನುವುದು ನನಗೆ ಬಿಡಿಸಲಾಗದ ಪ್ರಶ್ನೆ. ಪ್ಯಾರಿಸಿನಲ್ಲಿ 2018ರಲ್ಲಿ ಒಂದು ಹಾದಿಗೆ ಇಬ್ಬರ ಹೆಸರನ್ನೂ ಒಟ್ಟಿಗೆ ಇಟ್ಟರು. ತಡವಾಯಿತು, ಆದರೂ ಇಟ್ಟರಲ್ಲ.

ಇನ್ನು ನಮ್ಮ ಚೌಕಿಯ, ಅಂದರೆ ಆಟದ ಬಣ್ಣದ ಕೋಣೆಯ ವಿಷಯ. ನಾನು ಸ್ತ್ರೀವೇಷ ಬಿಟ್ಟದ್ದು ಬೆನ್ನುನೋವಿಗೆ ಅಂತ ಎಲ್ಲರಿಗೂ ಹೇಳಿದ್ದೇನೆ. ಬೆನ್ನು ನೋಯುವುದು ಹೌದು, ಸಾಲ ವಿಭಾಗದಲ್ಲಿ ಕೂತರೆ ಯಾರ ಬೆನ್ನೂ ನೋಯುತ್ತದೆ. ಆದರೆ ಬಿಟ್ಟದ್ದು ನೀನು ವಿಮಾನ ಹತ್ತಿದ ಮೇಲೆ. ಮನೆಯವರೆಲ್ಲ ಮದುವೆಗೆ ಹೋದ ಒಂದು ದಿನ ಒಬ್ಬನೇ ಬಣ್ಣ ಹಾಕಿ, ಪ್ರಭಾವತಿಯ ಸೀರೆ ಉಟ್ಟು, ಫೋನನ್ನು ಗೋದ್ರೇಜಿಗೆ ಒರಗಿಸಿ ಟೈಮರ್ ಇಟ್ಟೆ. ಚಿತ್ರದಲ್ಲಿ ಬಂದವನು ಸೆಕೆಂಡು ಎಣಿಸುತ್ತಿದ್ದ ಬ್ಯಾಂಕ್ ನೌಕರ. ನೀನು ತೆಗೆದ ಚಿತ್ರಗಳಲ್ಲಿ ಪ್ರಭಾವತಿ ಇದ್ದಳು, ಗಂಡ ಸುಧನ್ವ ಯುದ್ಧಕ್ಕೆ ಹೊರಟಾಗಿನ ಆ ನೋಟ ಇತ್ತು. ರಂಗದ ಮೇಲೆ ಸುಧನ್ವನ ಪಾತ್ರಧಾರಿಯ ಕಡೆ ನಾನು ಹಾಗೆ ನೋಡಿದ್ದು ನೆನಪಿಲ್ಲ. ಅವನ ಬಾಯಿಂದ ಯಾವಾಗಲೂ ಬೀಡಿ ವಾಸನೆ ಬರುತ್ತಿತ್ತು.

ಇನ್ನೊಂದು. ಆಟ ಮುಗಿದು, ಬೆಳಗಾಗಿ, ವ್ಯಾನಿನವ ಹಾರ್ನ್ ಹೊಡೆಯುತ್ತಿದ್ದರೂ ನಾನು ಬಣ್ಣ ತೆಗೆಯಲಿಕ್ಕೆ ತಡ ಮಾಡುತ್ತಿದ್ದೆ. ತೆಂಗಿನೆಣ್ಣೆ ಬಾಟ್ಲಿ ಕಾಣುವುದಿಲ್ಲ ಅನ್ನುತ್ತಿದ್ದೆ. ನಿಜವಾಗಿಯೂ ಕಾಣುತ್ತಿರಲಿಲ್ಲ. ಅದು ಪ್ರತಿ ಸಲ ನಿನ್ನ ಕ್ಯಾಮೆರಾ ಚೀಲದಲ್ಲಿ ಸಿಗುತ್ತಿತ್ತು. ಮರೆವು ಅಂತ ನಿನಗೆ ಬೈಯುತ್ತಿದ್ದೆ. ಕನ್ನಡಿ ಪಕ್ಕದ ಆ ಫೋಟೋ ನೋಡಿದ ರಾತ್ರಿ ಬಾಟ್ಲಿಯ ವಿಷಯ ಫಕ್ಕನೆ ಹೊಳೆಯಿತು. ನೀನು ಬೇಕೆಂದೇ ಅಡಗಿಸುತ್ತಿದ್ದೆಯಾ? ನನಗೆ ಇನ್ನೂ ಸ್ವಲ್ಪ ಹೊತ್ತು ಬೇಕು ಅಂತ ನಾನು ಹೇಳದೆಯೇ ನಿನಗೆ ಗೊತ್ತಾಗಿತ್ತಾ? ಅಥವಾ ಆ ಸ್ವಲ್ಪ ಹೊತ್ತು ಬೇಕಾಗಿದ್ದದ್ದು

ಸಾಕು, ಇಲ್ಲಿಗೆ ಮಂಗಳ. ನಮ್ಮ ಮ್ಯಾನೇಜರರೂ ಇದನ್ನು ಓದುತ್ತಾರೆ, ನಾಳೆ ಕಡತದ ಜೊತೆ ಎಣ್ಣೆ ಬಾಟ್ಲಿಯನ್ನೂ ಕಳಿಸಿಯಾರು. ಅಮ್ಮನಿಗೆ ಯಾರೂ ಓದಿ ಹೇಳಬೇಡಿ, ಫ್ರಾನ್ಸಿನ ಕಥೆ ಬರೆದಿದ್ದಾನೆ ಅಂತ ಮಾತ್ರ ಹೇಳಿ. ಸುಳ್ಳೇನಲ್ಲವಲ್ಲ.

ಡಿಸೆಂಬರಿನಲ್ಲಿ ಊರಿನಲ್ಲಿ ಹರಕೆ ಆಟ ಇದೆ. ಹಿಮ್ಮೇಳಕ್ಕೆ ಜನ ಆಗಿದ್ದಾರೆ, ಆದ್ದರಿಂದ ನೀನು ಬಂದರೂ ಹಾಡುವ ಅಪಾಯ ಇಲ್ಲ. ಬೆನ್ನುನೋವು ಹೇಗಿದೆ ಅಂತ ಮೇಷ್ಟ್ರು ವಿಚಾರಿಸಿದರು, ಆಮೇಲೆ ನನ್ನ ಹೊಟ್ಟೆಯ ಕಡೆ ಒಂದು ನೋಟ ಬಿಟ್ಟು, ಪ್ರಭಾವತಿಯ ಡಾಬು ನಿನಗೆ ಸಾಲುವುದಿಲ್ಲ ಅಂದರು. ಎರಡು ಡಾಬು ಜೋಡಿಸಿ ಕಟ್ಟಬಹುದು ಅಂತ ಹೇಳಿ ಬಂದಿದ್ದೇನೆ.

ಇತಿ ನಿನ್ನ,
ಪ್ರಭಾವತಿ (ಸಾಲ ವಿಭಾಗ)