ಮಗಳಿಗೊಂದು ಪತ್ರ: ತಟ್ಟೆ ‘ಪತ್ತೆ’ಯಾದ ಬಗೆ

ಪ್ರೀತಿಯ ಪುಟ್ಟಿ,

ನಿನ್ನೆ ಸ್ಕೂಲಿನಿಂದ ಅಳುತ್ತಾ ಬಂದೆ. ಗೆಳತಿಗೆ ಬರೆದ ಚೀಟಿಯನ್ನು ಹಿಂದಿನ ಬೆಂಚಿನವರು ಕಿತ್ತುಕೊಂಡು ಜೋರಾಗಿ ಓದಿಬಿಟ್ಟರಂತೆ. “ಕ ಭಾಷೆಯಲ್ಲೇ ಬರೆದಿದ್ದೆ ಅಪ್ಪಾ” ಅಂದೆಯಲ್ಲ, ಆ ಮಾತು ರಾತ್ರಿಯೆಲ್ಲ ನನ್ನ ತಲೆಯಲ್ಲಿತ್ತು. ಚೀಟಿಯಲ್ಲಿ ಏನಿತ್ತು ಅಂತ ನಾನು ಕೇಳುವುದಿಲ್ಲ. ಅದು ನಿಮ್ಮಿಬ್ಬರದು.

‘ನೀನು ಬಾ’ ಅನ್ನುವುದನ್ನು ‘ಕನೀಕನು ಕಬಾ’ ಅಂತ ಬರೆದರೆ, ಆ ಆಟ ಗೊತ್ತಿದ್ದವರೆಲ್ಲ ಓದುತ್ತಾರೆ. ನಾವೂ ಚಿಕ್ಕವರಿದ್ದಾಗ ಅದನ್ನೇ ಆಡಿದ್ದು. ಈಗ ನಮ್ಮ ಬಾಗಿಲ ಬೀಗ ನೋಡು. ಅದೇ ಥರದ ಬೀಗ ಬೀದಿಯಲ್ಲಿ ಎಷ್ಟೋ ಮನೆಗಳಿಗಿದೆ. ಆದರೂ ಅವರ ಕೀ ನಮ್ಮದಕ್ಕೆ ಹೊಂದುವುದಿಲ್ಲ. ನಿನ್ನ ಚೀಟಿಗೆ ಬೇಕಿದ್ದದ್ದು ಅಂಥ ಕೀ.

ನೋಟ್‌ಬುಕ್ಕಿನಲ್ಲಿ ಈ 5 ಸಾಲು ಬರೆದುಕೋ:

ಕ ಖ ಗ ಘ ಙ
ಚ ಛ ಜ ಝ ಞ
ಟ ಠ ಡ ಢ ಣ
ತ ಥ ದ ಧ ನ
ಪ ಫ ಬ ಭ ಮ

ಪ್ರತಿ ಅಕ್ಷರದ ಬದಲು ಅದರ ನೇರ ಕೆಳಗಿರುವುದನ್ನು ಬರೆ. ಕೊನೆಯ ಸಾಲಿನವರು ಮತ್ತೆ ಮೊದಲ ಸಾಲಿಗೆ ಹೋಗಲಿ. ಸ್ವರಗಳು, ಕೊಂಬು, ಇಳಿ, ಯ ರ ಲ ವ ಎಲ್ಲ ಹಾಗೇ ಇರಲಿ. ‘ದೋಣಿ’ ಹೋಗಿ ‘ಬೋನಿ’ ಆಯಿತು. ‘ತಟ್ಟೆ’ ಬರೆದು ನೋಡಿದೆ, ‘ಪತ್ತೆ’ ಬಂತು! ಒಬ್ಬನೇ ಕೂತು ನಕ್ಕುಬಿಟ್ಟೆ.

ಎಷ್ಟು ಸಾಲು ಇಳಿಯಬೇಕು ಅನ್ನುವುದೇ ಕೀ. ಓದುವಾಗ ಅಷ್ಟೇ ಸಾಲು ಮೇಲಕ್ಕೆ ಹತ್ತಬೇಕು. ಅದನ್ನು ಚೀಟಿಯಲ್ಲಿ ಬರೆಯಬೇಡ, ಗೆಳತಿಯ ಕಿವಿಯಲ್ಲಿ ಹೇಳು. 2000 ವರ್ಷಕ್ಕೂ ಹಿಂದೆ ರೋಮಿನ ಜೂಲಿಯಸ್ ಸೀಸರ್ ತನ್ನ ಗುಟ್ಟಿನ ಪತ್ರಗಳಲ್ಲಿ ಹೀಗೇ 3 ಅಕ್ಷರ ಜರುಗಿಸಿ ಬರೆಯುತ್ತಿದ್ದ.

ಆದರೆ ನಮ್ಮ ಬೀಗ ಗಟ್ಟಿಯಲ್ಲ ಕಂದಾ. ಇರುವುದು ನಾಲ್ಕೇ ಕೀ. ಹಿಂದಿನ ಬೆಂಚಿನವರು ನಾಲ್ಕನ್ನೂ ಹಾಕಿ ನೋಡಿದರೆ ಮುಗಿಯಿತು. ಅಜ್ಜಿಗೆ ನೀನು ಕಳಿಸುವ ವಾಟ್ಸ್ಆಪ್ ಮೆಸೇಜಿಗೂ ಬೀಗ ಇದೆ. ನಮ್ಮ ಫೋನ್ ಹಾಕುತ್ತದೆ, ಅಜ್ಜಿಯ ಫೋನ್ ತೆಗೆಯುತ್ತದೆ. ನಡುವೆ ಸಿಕ್ಕವರಿಗೆ ಕಾಣುವುದು ಬರೀ ಗೋಜಲು. ಅಲ್ಲಿ ಎಷ್ಟು ಕೀ ಇರಬಹುದು ಅಂತ ಬರೆಯಲು ಹೊರಟರೆ 78 ಅಂಕಿ ಬೇಕು! ಲೋಕದ ಕಂಪ್ಯೂಟರ್‌ಗಳೆಲ್ಲ ಸೇರಿ ಒಂದೊಂದಾಗಿ ಹಾಕಿ ನೋಡಿದರೂ ಮುಗಿಯುವುದಿಲ್ಲ.

ಸಂಜೆ ಬಂದ ಮೇಲೆ ಅಡುಗೆಮನೆಗೆ ಹೋಗು. ಕೀ ಹೇಳುವುದಿಲ್ಲ, ನಾಲ್ಕೇ ಅಲ್ವಾ?

ಟಬುಜು ಬಜ್ಜಿಯಲ್ಲಿಗೆ.

ಬಜ್ಜಿ ಅಂತ ಮೋಸ ಹೋಗಬೇಡ.

ನಿನ್ನ
ಅಪ್ಪ