ಅಗ್ಗದ ರೇಸ್ ಕಾರು ಬೆಂಗಳೂರಿನಲ್ಲೇ ಕಟ್ಟಬಹುದು. ಮೊದಲು ಒಂದು ಜಿಗ್ ಬೇಕು

ಮಾನ್ಯ ಸಂಪಾದಕರೇ,

ಲೇಸರ್ ಕಟಿಂಗ್, ಲೇತ್, ವೆಲ್ಡಿಂಗ್‌ಗೆ ಪೀಣ್ಯ ಮತ್ತು ಬೊಮ್ಮಸಂದ್ರ, ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ನಟ್ಟು ಬೋಲ್ಟು, ಟೂಲ್ಸ್‌ಗೆ ಎಸ್.ಜೆ.ಪಿ. ರಸ್ತೆ; ಹಳೆಯ ಗೇರ್‌ಬಾಕ್ಸ್‌ಗೆ ಶಿವಾಜಿನಗರದ ಗುಜರಿ. ಇಷ್ಟೆಲ್ಲ ಇರುವ ಬೆಂಗಳೂರಿನಲ್ಲಿ ಹವ್ಯಾಸಿಗಳು ತಾವೇ ಕಾರು ಕಟ್ಟಿ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕಿಗೋ ಇಳಿಸುವುದು ತೀರಾ ಅಪರೂಪ. ಎಂಜಿನ್ ದುಬಾರಿ ಎಂಬುದು ಎಲ್ಲರೂ ಕೊಡುವ ಕಾರಣ. ಆದರೆ ದುಡ್ಡು ನಿಜವಾಗಿ ಸೋರುವುದು ಒಂಟಿ ಪೀಸ್ ಕೆಲಸದಲ್ಲಿ. ಒಂದು ಬ್ರಾಕೆಟ್ ಕತ್ತರಿಸಲು ಮಷೀನಿಗೆ ಕೆಲವೇ ನಿಮಿಷ ಸಾಕು. ಡ್ರಾಯಿಂಗ್ ತಿದ್ದಿ, ಪ್ರೋಗ್ರಾಂ ಬರೆದು, ಜಾಬ್ ಸೆಟ್ ಮಾಡಲು ಅರ್ಧ ದಿನ ಹಿಡಿಯುತ್ತದೆ. ಒಂದು ಪೀಸ್ ಮಾಡಿಸಿದರೂ ಇಪ್ಪತ್ತು ಮಾಡಿಸಿದರೂ ಆ ಅರ್ಧ ದಿನದ ಕೂಲಿ ಅಷ್ಟೇ. ಪ್ರತಿಯೊಬ್ಬರೂ ತಮ್ಮದೇ ಡ್ರಾಯಿಂಗ್ ಹಿಡಿದು ಅಂಗಡಿ ಅಂಗಡಿ ಅಲೆಯುವವರೆಗೆ ಈ ಖರ್ಚು ಇಳಿಯುವುದಿಲ್ಲ. ಎಲ್ಲರಿಗೂ ಒಂದೇ ಡ್ರಾಯಿಂಗ್, ಒಂದೇ ಜಿಗ್ (ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಚೌಕಟ್ಟು), ಹತ್ತು ಕಾರುಗಳ ಒಂದು ಬ್ಯಾಚ್ ಎಂದಾದರೆ ಲೆಕ್ಕವೇ ಬದಲಾಗುತ್ತದೆ.

ಇದು ಹೊಸ ಮಾತಲ್ಲ. ಇಂಗ್ಲೆಂಡಿನ 750 ಮೋಟಾರ್ ಕ್ಲಬ್ 1939ರಲ್ಲಿ ಹುಟ್ಟಿದ್ದು ಆಸ್ಟಿನ್ 7 ಎಂಬ ಪುಟ್ಟ ಕಾರನ್ನು ನೆಚ್ಚಿಕೊಂಡು. ನಮ್ಮಲ್ಲೂ ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. ಮುಂದೆ ಭಾರತದ ಮೊದಲ ಫಾರ್ಮುಲಾ 1 ಚಾಲಕರಾದ ನಾರಾಯಣ್ ಕಾರ್ತಿಕೇಯನ್ ಕಾರ್ ರೇಸಿಂಗ್ ಆರಂಭಿಸಿದ್ದು ಆ ಕಾರಿನಲ್ಲೇ. ಮಾರುತಿ 800 ತಯಾರಿಕೆ 2014ರಲ್ಲಿ ನಿಂತಿತು. ಆದರೂ ಅದೇ 796 ಸಿಸಿ ಮೂರು ಸಿಲಿಂಡರ್ ಎಂಜಿನ್ ಕುಟುಂಬ ಆಲ್ಟೊ, ಓಮ್ನಿಗಳಲ್ಲಿ ವರ್ಷಗಟ್ಟಲೆ ಬಂದಿದ್ದರಿಂದ ಪಿಸ್ಟನ್, ಗ್ಯಾಸ್ಕೆಟ್, ಬೇರಿಂಗ್ ಇಂದಿಗೂ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ. ಹನ್ನೆರಡು ವಾಲ್ವ್‌ನ ಇಂಜೆಕ್ಷನ್ ಎಂಜಿನ್ ಸುಮಾರು 45 ಕುದುರೆಶಕ್ತಿ ಕೊಡುತ್ತದೆ. ಕಾರಿನ ತೂಕ 450 ಕಿಲೊ ದಾಟದಂತೆ ನೋಡಿಕೊಂಡರೆ ಕಲಿಯುವವರಿಗೆ ಅಷ್ಟು ಧಾರಾಳ.

ನಮ್ಮ ಸಲಹೆ ಇಷ್ಟು. ಆಲ್ಟೊದ ಮುಂಭಾಗದ ಎಂಜಿನ್, ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್ (ಚಕ್ರಕ್ಕೆ ಶಕ್ತಿ ಒಯ್ಯುವ ದಂಡ), ಹಬ್ (ಚಕ್ರ ಕೂರುವ ಭಾಗ) ಎಲ್ಲವನ್ನೂ ಒಟ್ಟಾಗಿ ತೆಗೆದು ಚಾಲಕನ ಬೆನ್ನ ಹಿಂದೆ ಕೂರಿಸುವುದು. ಚಾಸಿಗೆ, ಅಂದರೆ ಕಾರಿನ ಚೌಕಟ್ಟಿಗೆ, 25 ಮಿ.ಮೀ. ಚೌಕದ, 1.6 ಮಿ.ಮೀ. ದಪ್ಪದ ಟ್ಯೂಬ್. ಆರು ಮೀಟರಿನ ಎಂಟು ಉದ್ದ ತಂದರೆ ವೇಸ್ಟ್ ಸೇರಿ ಸಾಕು. ಮೀಟರಿಗೆ ಸುಮಾರು 1.2 ಕಿಲೊ ಬೀಳುವುದರಿಂದ ಬರಿಯ ಚಾಸಿ 50 ಕಿಲೊ ಆಸುಪಾಸಿನಲ್ಲಿ ನಿಲ್ಲುತ್ತದೆ.

ಕಾರು ಮಗುಚಿದರೆ ಚಾಲಕನನ್ನು ಕಾಯುವ, ತಲೆಯ ಹಿಂದಿನ ಕಮಾನಾದ ರೋಲ್ ಹೂಪ್ ವಿಷಯದಲ್ಲಿ ಮಾತ್ರ ಉಳಿತಾಯದ ಯೋಚನೆ ಕೂಡದು. ರೋಲ್ ಕೇಜ್‌ಗೆ ವಿಶ್ವ ಮೋಟಾರ್ ರೇಸಿಂಗ್ ಒಕ್ಕೂಟವಾದ ಎಫ್‌ಐಎಯ ನಿಯಮಾವಳಿ ಅನುಬಂಧ ಜೆ ಕೇಳುವುದು ಕೋಲ್ಡ್ ಡ್ರಾನ್ ಸೀಮ್‌ಲೆಸ್ (ಬೆಸುಗೆಯ ಗೆರೆಯಿಲ್ಲದ) ಟ್ಯೂಬ್; ಮುಖ್ಯ ಹೂಪ್‌ಗೆ 45 × 2.5 ಅಥವಾ 50 × 2.0 ಮಿ.ಮೀ. (ವ್ಯಾಸ × ದಪ್ಪ), ಉಳಿದ ಕೊಂಬೆಗಳಿಗೆ 38 × 2.5 ಅಥವಾ 40 × 2.0. ಹವ್ಯಾಸಿ ಕಾರಿಗೂ ಅದೇ ಅಳತೆ ಇರಲಿ. ಬೆಂಡಿನ ತ್ರಿಜ್ಯ ಟ್ಯೂಬಿನ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆ ಇರಬಾರದು. ಕೈಗೆ ಸಿಕ್ಕ ನೀರಿನ ಪೈಪನ್ನು ಮರಳು ತುಂಬಿ ಬಗ್ಗಿಸಿದರೆ ಸೀಮ್ ಬಾಯಿಬಿಡುತ್ತದೆ, ಇಲ್ಲವೇ ಹೊರಮೈ ತೆಳ್ಳಗಾಗಿ ಒಳಮೈ ಸುಕ್ಕುಗಟ್ಟುತ್ತದೆ. ಮೇಲೆ ಬಣ್ಣ ಬಳಿದ ಮೇಲೆ ಅದು ಕಣ್ಣಿಗೆ ಕಾಣುವುದೂ ಇಲ್ಲ. ಟ್ಯೂಬಿನ ಜೊತೆಗೆ ಕಾರ್ಖಾನೆ ಲೋಹ ಪರೀಕ್ಷಿಸಿ ಕೊಡುವ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಬೇಕು.

ಕೀಲುಗಳನ್ನು ಮೀನಿನ ಬಾಯಿಯ ಹಾಗೆ ಕೊರೆದು, ಸಂದು ಒಂದು ಮಿ.ಮೀ. ದಾಟದಂತೆ ಕೂರಿಸಬೇಕು. ಇಡೀ ಚಾಸಿ ಟ್ಯಾಕ್ ಆಗುವವರೆಗೆ, ಅಂದರೆ ಚುಕ್ಕೆ ಬೆಸುಗೆಯಲ್ಲಿ ನಿಲ್ಲುವವರೆಗೆ, ಯಾವ ಕೀಲಿಗೂ ಪೂರ್ತಿ ವೆಲ್ಡ್ ಹೊಡೆಯಬಾರದು. ಆಮೇಲೂ ಒಂದೇ ಮೂಲೆಯಲ್ಲಿ ಕೂತು ಮುಗಿಸದೆ ಎದುರು ಬದುರು ಮೂಲೆಗಳಿಗೆ ಸರಿಯುತ್ತಾ ಹೋಗಬೇಕು. ಇಲ್ಲದಿದ್ದರೆ ಬಿಸಿಗೆ ಚಾಸಿ ತಿರುಚಿಕೊಂಡು ನಾಲ್ಕು ಚಕ್ರ ಒಂದೇ ಮಟ್ಟಕ್ಕೆ ಬರುವುದಿಲ್ಲ. ಜಿಗ್ ಬೇಕೆಂದು ನಾವು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಎಂಜಿನ್ ಹಿಂದಕ್ಕೆ ಹೋದಾಗ ಕೈಕೊಡುವ ಜಾಗಗಳು ಹೆಚ್ಚುಕಡಿಮೆ ಎಲ್ಲ ಕಾರುಗಳಲ್ಲೂ ಅವೇ. ಮುಂದಿನ ಹಬ್‌ಗೆ ಸ್ಟೀರಿಂಗ್ ಆರ್ಮ್ ಇರುತ್ತದಲ್ಲ, ಹಿಂದೆ ಹಾಕಿದಾಗ ಅದನ್ನು ಟೈ ರಾಡಿನಿಂದ ಚಾಸಿಗೆ ಬಿಗಿಯಬೇಕು. ಆ ರಾಡಿನ ಉದ್ದ ಲೋವರ್ ಆರ್ಮಿನ (ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ತೋಳಿನ) ಉದ್ದಕ್ಕೆ ಹೊಂದಬೇಕು, ಎರಡೂ ತಿರುಗುವ ಒಳಗಿನ ಕೀಲುಗಳಾದ ಪಿವಟ್‌ಗಳು ಒಂದೇ ಸಾಲಿನಲ್ಲಿರಬೇಕು. ಇಲ್ಲದಿದ್ದರೆ ಚಕ್ರ ಏರಿಳಿದಾಗಲೆಲ್ಲ ತಾನಾಗಿ ತಿರುಗಿ, ತಿರುವಿನ ಮಧ್ಯೆ ಕಾರಿನ ಹಿಂಭಾಗ ಇದ್ದಕ್ಕಿದ್ದಂತೆ ಸರಿಯುತ್ತದೆ. ಪರೀಕ್ಷೆ ಸುಲಭ: ಸ್ಪ್ರಿಂಗ್ ತೆಗೆದು ಚಕ್ರವನ್ನು 50 ಮಿ.ಮೀ. ಮೇಲೆ, 50 ಮಿ.ಮೀ. ಕೆಳಗೆ ಆಡಿಸಿ, ದಾರ ಕಟ್ಟಿ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಅಳೆಯಿರಿ. ಒಂದು ಮಿ.ಮೀ. ಮೀರಿ ಬದಲಾದರೆ ಪಿವಟ್ ಸರಿಸಬೇಕು.

ಮುಂದಿನ ಚಕ್ರಗಳಿಗೂ ಅದೇ ಹಬ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಇಂಥ ಹಬ್‌ನಲ್ಲಿ ಬೇರಿಂಗನ್ನು ಹಿಡಿದಿಡುವುದು ಡ್ರೈವ್ ಶಾಫ್ಟಿನ ತುದಿ. ಶಾಫ್ಟ್ ಬೇಡವೆಂದು ಬಿಚ್ಚಿ ಖಾಲಿ ಬಿಟ್ಟರೆ ಬೇರಿಂಗ್ ಸಡಿಲಾಗಿ ಚಕ್ರವೇ ಕಳಚಬಹುದು. ಶಾಫ್ಟಿನ ತುದಿಯ ಕೀಲಾದ ಹಳೆಯ ಸಿವಿ ಜಾಯಿಂಟಿನ ಹೊರ ಬಟ್ಟಲನ್ನು ಒಳಗಿನ ಗುಂಡುಗಳಿಲ್ಲದೆ ಹಾಕಿ, ಕಂಪನಿ ಹೇಳಿದ ಟಾರ್ಕಿಗೆ ನಟ್ ಬಿಗಿಯಬೇಕು.

ಬ್ರೇಕಿಗೆ ಎರಡು ಮಾಸ್ಟರ್ ಸಿಲಿಂಡರ್, ನಡುವೆ ಮುಂದಿನ, ಹಿಂದಿನ ಬ್ರೇಕಿಗೆ ಬಲ ಹಂಚುವ ಬ್ಯಾಲೆನ್ಸ್ ಬಾರ್. ಬೂಸ್ಟರ್ ಬೇಡ, ಪೆಡಲಿನ ಅನುಪಾತ ಐದಕ್ಕೆ ಒಂದು ಇದ್ದರೆ ಕಾಲಿನ ಬಲವೇ ಸಾಲುತ್ತದೆ. ಮುಂದಿನ ಚಕ್ರಗಳು ಮೊದಲು ಲಾಕ್ ಆಗುವಂತೆ ಬಾರ್ ಹೊಂದಿಸದೆ ಟ್ರ್ಯಾಕಿಗೆ ಇಳಿಯಬೇಡಿ. ಡಾಟ್ 4 ದರ್ಜೆಯ ಬ್ರೇಕ್ ಫ್ಲೂಯಿಡ್ ಹೊಸದರಲ್ಲಿ 230 ಡಿಗ್ರಿವರೆಗೆ ಕುದಿಯುವುದಿಲ್ಲ; ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಕುಸಿಯಬಹುದು. ಕುದಿಯಿತೆಂದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಪ್ರತಿ ರೇಸಿಗೂ ಮುಂಚೆ ಹೊಸ ಫ್ಲೂಯಿಡ್ ಹಾಕುವುದು ಈ ಆಟದ ಅತಿ ಅಗ್ಗದ ವಿಮೆ.

ಉದ್ದದ ತಿರುವಿನಲ್ಲಿ ಆಯಿಲ್ ಎಂಜಿನ್ ತಳದ ತೊಟ್ಟಿಯಾದ ಸಂಪಿನ ಒಂದು ಬದಿಗೆ ಸರಿದು, ಅದನ್ನು ಹೀರುವ ಕೊಳವೆಯಾದ ಪಿಕಪ್ ಗಾಳಿ ಹೀರುತ್ತದೆ. ಕ್ರ್ಯಾಂಕಿನ ಬೇರಿಂಗ್ ಹೋಗುವುದು ಹೀಗೆ. ಪಿಕಪ್ ಸುತ್ತ ತಗಡಿನ ಗೋಡೆ ಕಟ್ಟಿ, ಒಳಮುಖವಾಗಿ ಮಾತ್ರ ತೆರೆಯುವ ಪುಟ್ಟ ಬಾಗಿಲುಗಳನ್ನಿಟ್ಟರೆ ತಪ್ಪುತ್ತದೆ. ಅರ್ಧ ಲೀಟರ್ ಹೆಚ್ಚು ಸುರಿಯುವುದು ಪರಿಹಾರವಲ್ಲ, ಎಂಜಿನ್ನಿನ ಗಾಳಿಕಿಂಡಿಯಾದ ಬ್ರೀದರಿನಿಂದ ಉಗುಳುತ್ತದೆ ಅಷ್ಟೇ. ಹಾಗೆ ಹೊರಬಂದ ಆಯಿಲ್ ಹಿಡಿಯಲು ಎರಡು ಲೀಟರಿನ ಕ್ಯಾಚ್ ಟ್ಯಾಂಕ್ ಹೇಗೂ ಇರಲೇಬೇಕು. ರೇಡಿಯೇಟರ್ ಮುಂದಿದ್ದು ಎಂಜಿನ್ ಹಿಂದಿರುವುದರಿಂದ ಪೈಪಿನ ಅತಿ ಎತ್ತರದ ಜಾಗದಲ್ಲಿ ಏರ್ ಬ್ಲೀಡ್ ಸ್ಕ್ರೂ ಬೇಕು. ಗಾಳಿ ಸಿಕ್ಕಿಕೊಂಡರೆ ಅಲ್ಯೂಮಿನಿಯಂ ಹೆಡ್ ಬಾಗುತ್ತದೆ.

ಮೇನ್ ಸ್ವಿಚ್ ಬಗ್ಗೆಯೂ ಹೇಳಲೇಬೇಕು. ಬ್ಯಾಟರಿಯನ್ನಷ್ಟೇ ಕಡಿಯುವ ಸ್ವಿಚ್ ಹಾಕಿದರೆ ಆಲ್ಟರ್ನೇಟರಿನ ವಿದ್ಯುತ್ತಿನಲ್ಲಿ ಎಂಜಿನ್ ಓಡುತ್ತಲೇ ಇರುತ್ತದೆ. ಬೆಂಕಿ ಬಿದ್ದಾಗ ಮಾರ್ಷಲ್ ಓಡಿ ಬಂದು ಎಳೆದರೂ ಉಪಯೋಗವಿಲ್ಲ. ಇಗ್ನಿಷನ್ನನ್ನೂ ಕಡಿಯುವ, ಆಲ್ಟರ್ನೇಟರಿಗೆ ರೆಸಿಸ್ಟರ್ ಕೊಡುವ ಆರು ಟರ್ಮಿನಲ್‌ನ ಸ್ವಿಚ್ಚೇ ಆಗಬೇಕು, ಒಳಗಿನಿಂದಲೂ ಹೊರಗಿನಿಂದಲೂ ಕೈಗೆಟುಕಬೇಕು. ಸೀಟ್, ಬೆಲ್ಟ್, ಹೆಲ್ಮೆಟ್‌ಗಳಲ್ಲಿ ಅವಧಿ ಮುಗಿದ ಸೆಕೆಂಡ್ ಹ್ಯಾಂಡ್ ಮಾಲು ಬೇಡವೇ ಬೇಡ. ಹತ್ತು ಜನ ಸೇರಿ ಒಟ್ಟಿಗೆ ತರಿಸಿದರೆ ಸಾಗಣೆ ಖರ್ಚಾದರೂ ಹಂಚಿಹೋಗುತ್ತದೆ.

ಈಗ ಯಾರು ಏನು ಮಾಡಬಹುದು? ರಾಜಾಜಿನಗರದಲ್ಲಿ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರವಿದೆ. ಜಿಗ್ ಮಾಡುವುದನ್ನು ಕಲಿಸುವುದೇ ಅದರ ಕಸುಬು. ಒಂದು ಚಾಸಿ ಜಿಗ್, ಒಂದು ಸಸ್ಪೆನ್ಷನ್ ಆರ್ಮ್ ಜಿಗ್ ಅಲ್ಲಿಯ ವಿದ್ಯಾರ್ಥಿಗಳಿಂದಲೇ ತಯಾರಾಗಿ ದಿನದ ಬಾಡಿಗೆಗೆ ಸಿಗಲಿ. ಫಾರ್ಮುಲಾ ಭಾರತ್, ಸುಪ್ರಾ ಸ್ಪರ್ಧೆಗಳಿಗೆ ಕಾರು ಕಟ್ಟುವ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳು ಡ್ರಾಯಿಂಗ್ ತಯಾರಿಸಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಕೊಡಲಿ. ವೆಲ್ಡರ್, ಫಿಟ್ಟರ್‌ಗಳ ಕೈಗೆ ಹೋಗುವ ಹಾಳೆ ಅವರು ಓದುವ ಭಾಷೆಯಲ್ಲಿರಬೇಕು.

ರೇಸಿಂಗ್ ಒಕ್ಕೂಟವಾದ ಎಫ್‌ಎಂಎಸ್‌ಸಿಐಗೆ ನಮ್ಮ ಮನವಿ ಎರಡು. ಮೊದಲನೆಯದು, ತಪಾಸಣೆ ಬೆಂಗಳೂರಿನಲ್ಲೇ ಮೂರು ಹಂತದಲ್ಲಿ ನಡೆಯಲಿ: ಟ್ಯಾಕ್ ಆದಾಗ, ವೆಲ್ಡ್ ಮುಗಿದು ಬಣ್ಣ ಬಳಿಯುವ ಮುಂಚೆ, ಕಾರು ಪೂರ್ತಿಯಾದಾಗ. ಮುನ್ನೂರು ಕಿ.ಮೀ. ಆಚೆ ಲಾರಿಯಲ್ಲಿ ಹೊತ್ತೊಯ್ದ ಮೇಲೆ ಹೂಪ್ ಸರಿಯಿಲ್ಲವೆಂದು ಗೊತ್ತಾದರೆ ಕಟ್ಟಿದವರ ದುಡ್ಡು, ಉತ್ಸಾಹ ಎರಡೂ ಅಲ್ಲಿಗೇ ಮುಗಿದಂತೆ. ಎರಡನೆಯದು, ಈ ಕಾರುಗಳಿಗೆ ಐದು ವರ್ಷ ಬದಲಾಗದ ನಿಯಮ: ಸೀಲ್ ಮಾಡಿದ ಎಂಜಿನ್, ಒಂದೇ ಬಗೆಯ ಟೈರ್, ಜೊತೆಗೆ ಗೆದ್ದವರ ಎಂಜಿನ್ನನ್ನು ನಿಗದಿತ ಬೆಲೆಗೆ ಯಾವ ಎದುರಾಳಿ ಕೇಳಿದರೂ ಕೊಡಬೇಕೆಂಬ ಷರತ್ತು. ಆಗ ಎಂಜಿನ್‌ಗೆ ಲಕ್ಷಗಟ್ಟಲೆ ಸುರಿಯುವ ಆಸೆ ಯಾರಿಗೂ ಬರುವುದಿಲ್ಲ.

ಟ್ರ್ಯಾಕಿನಲ್ಲಷ್ಟೇ ಓಡುವ ಕಾರನ್ನು ಲಾರಿಯಲ್ಲೇ ಒಯ್ಯಬೇಕು. ಬೆಳಗಿನ ಜಾವ ನೈಸ್ ರಸ್ತೆಯಲ್ಲಿ ಓಡಿಸಿ ನೋಡುವ ಹುಚ್ಚಿಗೆ ಯಾರೂ ಹೋಗಬಾರದು. ಬಿಚ್ಚಿದ ಆಲ್ಟೊದ ಮಾಲೀಕರು ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಬೇಕು. ಬಿಲ್ಲಿಲ್ಲದ ಎಂಜಿನ್ ಕದ್ದ ಗಾಡಿಯದ್ದೂ ಆಗಿರಬಹುದು. ಎಂಜಿನ್ ನಂಬರ್ ನಮೂದಿಸಿದ ಬಿಲ್ ಕೊಟ್ಟೇ ಮಾರಬೇಕೆಂದು ಸಾರಿಗೆ ಇಲಾಖೆ ಗುಜರಿಯವರಿಗೆ ತಾಕೀತು ಮಾಡಲಿ. ಮೊದಲ ಬ್ಯಾಚಿನ ಹತ್ತು ಎಂಜಿನ್‌ಗಳನ್ನು ಅಂಥ ಬಿಲ್ಲಿನ ಮೇಲೆಯೇ ಕೊಳ್ಳುವಂತಾಗಬೇಕು.

– ಹವ್ಯಾಸಿ ರೇಸ್ ಕಾರು ಕಟ್ಟುಗರು, ರಾಜಾಜಿನಗರ, ಬೆಂಗಳೂರು