ಮತ ಹಾಕುವ ಮೊದಲೇ ದುಡ್ಡು ಕೊಟ್ಟವರ ಹೆಸರು ತಿಳಿಯಲಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಚುನಾವಣೆ ಬಂದರೆ ಯಾರು ಮುಂದೆ, ಯಾರು ಹಿಂದೆ ಅನ್ನುವ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬರುತ್ತದೆ. ಪ್ರಚಾರದ ದುಡ್ಡು ಎಲ್ಲಿಂದ ಬರುತ್ತದೆ, ಅದರ ಲೆಕ್ಕ ಯಾರು ಕೇಳುತ್ತಾರೆ ಅನ್ನುವುದು ಮಾತ್ರ ಕಾಣುವುದೇ ಅಪರೂಪ. ನಾನು ಕೋಲಾರದ ಟೊಮೆಟೊ ಮಾರುಕಟ್ಟೆಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವವನು. ನನಗೆ ಮೊದಲು ಕಣ್ಣಿಗೆ ಬೀಳುವುದೇ ಅದು.

ನನ್ನ ತಂಗಿಯ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಗ್ರೀನ್ ಕಾರ್ಡ್ ಸಿಕ್ಕಿದೆ, ಪೌರತ್ವ ಇಲ್ಲ. ಹಾಗಾಗಿ ಅಧ್ಯಕ್ಷರ ಚುನಾವಣೆಯಲ್ಲಿ ಅವನಿಗೆ ಮತ ಇಲ್ಲ. ಆದರೆ ಅಭ್ಯರ್ಥಿಗೆ ದೇಣಿಗೆ ಕೊಡಬಹುದಂತೆ. ಊರಿಗೆ ಬಂದಿದ್ದಾಗ ಅಲ್ಲಿನ ಫೆಡರಲ್ ಚುನಾವಣಾ ಆಯೋಗದ ವೆಬ್‌ಸೈಟ್ ತೆರೆದು ತೋರಿಸಿದ. ತನ್ನ ಬಡಾವಣೆಯ ಪಿನ್‌ಕೋಡ್ ಹಾಕಿದ್ದೇ ತಡ, ಹೆಸರುಗಳು ಸಾಲಾಗಿ ಬಂದವು. ಯಾರಿಗೆ ಕೊಟ್ಟರು, ಯಾವ ತಾರೀಕು, ಎಷ್ಟು ಡಾಲರ್, ಕೊಟ್ಟವರ ಕೆಲಸ ಏನು, ಎಲ್ಲಿ ಕೆಲಸ, ಎಲ್ಲ ಇತ್ತು. ಅವನ ಬೀದಿಯ ಹಲ್ಲಿನ ಡಾಕ್ಟರ ಹೆಸರೂ ಇತ್ತು. ಪಾಸ್‌ವರ್ಡ್ ಬೇಡ, ಅರ್ಜಿ ಬೇಡ. ಕೋಲಾರದಲ್ಲಿ ಕೂತ ನಾನೂ ನೋಡಬಹುದು.

ವಾಟರ್‌ಗೇಟ್ ಹಗರಣದಲ್ಲಿ ಆಗಿನ ಅಮೆರಿಕ ಅಧ್ಯಕ್ಷ ನಿಕ್ಸನ್ ಪ್ರಚಾರಕ್ಕೆ ಬಂದಿದ್ದ ಗುಟ್ಟಿನ ದುಡ್ಡು ಬಯಲಾದ ಮೇಲೆ, 1974ರಲ್ಲಿ ಅವರು ಕಾನೂನು ಬಿಗಿ ಮಾಡಿದರು. ಈ ಆಯೋಗ ಹುಟ್ಟಿದ್ದೂ ಆ ಕಾನೂನಿನಿಂದಲೇ. ಈಗ ಒಬ್ಬರು ಒಬ್ಬ ಅಭ್ಯರ್ಥಿಗೆ ಕೊಟ್ಟ ಮೊತ್ತ 200 ಡಾಲರ್ ದಾಟಿದರೆ ಹೆಸರು ಪಟ್ಟಿಗೆ ಹೋಗಲೇಬೇಕು. ಮತದಾನಕ್ಕೆ 12 ದಿನ ಇರುವಾಗ ಅಭ್ಯರ್ಥಿ ಒಂದು ವರದಿ ಕೊಡಬೇಕು. ಕೊನೆಯ ದಿನಗಳಲ್ಲಿ 1,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಯಾರಾದರೂ ಕೊಟ್ಟರೆ 48 ಗಂಟೆಯೊಳಗೆ ತಿಳಿಸಬೇಕು. ಅಂದರೆ ಮತಗಟ್ಟೆಗೆ ಹೋಗುವ ಮೊದಲೇ ಜನ ಹೆಸರು ನೋಡಬಹುದು. ನನಗೆ ಮುಖ್ಯ ಅನಿಸಿದ್ದು ಇದು.

ನಮ್ಮಲ್ಲಿ? ಅಭ್ಯರ್ಥಿಯ ಆಸ್ತಿ, ಸಾಲ, ಕೇಸುಗಳ ವಿವರ ನಾಮಪತ್ರದ ಜೊತೆಗೇ ಸಿಗುತ್ತದೆ. ಅದು ದೊಡ್ಡ ವಿಷಯವೇ. ಆದರೆ ಚುನಾವಣಾ ಖರ್ಚಿನ ಪೂರ್ತಿ ಲೆಕ್ಕವನ್ನು ಫಲಿತಾಂಶ ಬಂದ 30 ದಿನದೊಳಗೆ ಕೊಟ್ಟರೆ ಸಾಕು. ಪಕ್ಷಗಳು ದೇಣಿಗೆದಾರರ ಪಟ್ಟಿ ಕೊಡುವುದು ವರ್ಷಕ್ಕೊಮ್ಮೆ, ಅದೂ 20,000 ರೂಪಾಯಿ ಮೀರಿ ಕೊಟ್ಟವರದ್ದು ಮಾತ್ರ. ಹೆಸರು ಹೊರಬೀಳದಂತೆ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಡುವ ಚುನಾವಣಾ ಬಾಂಡ್ ಬಂದ 2018ರಿಂದ ಆ ದಾರಿಯಲ್ಲಿ ಹೋದ ದುಡ್ಡಿಗೆ ಹೆಸರೇ ಇರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮತದಾರನಿಗೆ ತಿಳಿಯುವ ಹಕ್ಕಿದೆ ಎಂದಿತು. ಮಾರ್ಚ್‌ನಲ್ಲಿ ಪಟ್ಟಿ ಹೊರಬಂತು. ಅಷ್ಟರಲ್ಲಿ 2019ರ ಲೋಕಸಭೆ ಚುನಾವಣೆ, ನಮ್ಮ 2018 ಮತ್ತು 2023ರ ವಿಧಾನಸಭೆ ಚುನಾವಣೆ ಎಲ್ಲ ಮುಗಿದಿದ್ದವು. ಮತ ಹಾಕಿ ಬಂದ ಮೇಲೆ ಹೆಸರು ಗೊತ್ತಾದರೆ ನಾನೇನು ಮಾಡಲಿ?

ಮಂಡಿಯಲ್ಲಿ ಮುಳಬಾಗಿಲಿನ ರೈತ ತಂದ ಮಾಲು ಹರಾಜಾದ ಕೂಡಲೇ ಚೀಟಿ ಬರೆಯುತ್ತೇನೆ. 15 ಕೆ.ಜಿ. ಬಾಕ್ಸ್ ಎಷ್ಟು, ಯಾರು ಕೊಂಡರು, ಏನು ದರ, ಕೂಲಿ ಎಷ್ಟು, ಬಾಡಿಗೆ ಎಷ್ಟು. ಅವನು ಗಾಡಿ ಹತ್ತುವ ಮುಂಚೆ ಓದಿ ನೋಡುತ್ತಾನೆ, ತಪ್ಪಿದ್ದರೆ ಅಲ್ಲೇ ಕೇಳುತ್ತಾನೆ. ವರ್ಷ ಕಳೆದ ಮೇಲೆ ಚೀಟಿ ಕೊಡುತ್ತೇನೆ ಅಂದರೆ ಯಾವ ರೈತ ತಾನೇ ಒಪ್ಪುತ್ತಾನೆ?

ಅಮೆರಿಕದ್ದೆಲ್ಲ ನಮಗೆ ಬೇಕು ಅಂತಲ್ಲ. ಅಲ್ಲಿ ಅಭ್ಯರ್ಥಿ ಎಷ್ಟು ಬೇಕಾದರೂ ಖರ್ಚು ಮಾಡಬಹುದು. ಅದಕ್ಕೆ ಮಿತಿ ಹಾಕಿದರೆ ಮಾತಿನ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ಅವರ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿಬಿಟ್ಟಿದೆ. ಅದೇ ಕೋರ್ಟಿನ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪು ಕಂಪನಿಗಳೂ ಚುನಾವಣೆಯಲ್ಲಿ ತಾವಾಗಿಯೇ ದುಡ್ಡು ಖರ್ಚು ಮಾಡಲು ಬಾಗಿಲು ತೆರೆಯಿತು. ಆಮೇಲೆ ಬಂದದ್ದು ಸೂಪರ್ ಪ್ಯಾಕ್ ಎಂಬ, ದುಡ್ಡು ಕೂಡಿಸಿ ಪ್ರಚಾರ ಮಾಡುವ ಸಂಘಗಳು. ಇವು ನೇರವಾಗಿ ಅಭ್ಯರ್ಥಿಯ ಕೈಗೆ ಕೊಡುವಂತಿಲ್ಲ, ಆದರೆ ಅವನ ಪರವಾಗಿ ಎಷ್ಟು ಕೋಟಿ ಬೇಕಾದರೂ ಸುರಿಯಬಹುದು. 2024ರಲ್ಲಿ ಉದ್ಯಮಿ ಎಲಾನ್ ಮಸ್ಕ್ ಒಬ್ಬರೇ ಟ್ರಂಪ್ ಮತ್ತು ಅವರ ಪಕ್ಷದ ಪರವಾಗಿ 25 ಕೋಟಿ ಡಾಲರ್‌ಗಿಂತ ಜಾಸ್ತಿ ಹಾಕಿದರು. ಅದರಲ್ಲಿ ಒಂದಷ್ಟು ಬೆಳಕಿಗೆ ಬಂದಿದ್ದು ಮತದಾನ ಮುಗಿದು ತಿಂಗಳಾದ ಮೇಲೆ, ಡಿಸೆಂಬರ್‌ನಲ್ಲಿ. ದಾನಿಗಳ ಹೆಸರನ್ನೇ ಹೇಳದ ಸಂಘಗಳೂ ಅಲ್ಲಿ ಬೇಕಾದಷ್ಟಿವೆ. ಅಲ್ಲಿನ ಚುನಾವಣಾ ಆಯೋಗಕ್ಕೂ ಬಲ ಸಾಲದು. ಆರು ಸದಸ್ಯರು, ಒಂದೇ ಪಕ್ಷದವರು ಮೂವರಿಗಿಂತ ಹೆಚ್ಚು ಇರುವಂತಿಲ್ಲ, ತೀರ್ಮಾನಕ್ಕೆ ನಾಲ್ಕು ಮತ ಬೇಕು, ಮೂರು-ಮೂರಾದರೆ ಅಲ್ಲಿಗೇ ನಿಂತಿತು. 2025ರಲ್ಲಂತೂ ಕೋರಂಗೆ, ಅಂದರೆ ತೀರ್ಮಾನ ಮಾಡಲು ಬೇಕಾದಷ್ಟು ಸದಸ್ಯರೂ ಉಳಿಯಲಿಲ್ಲ.

ಇದೆಲ್ಲ ನಮಗೆ ಬೇಡವೇ ಬೇಡ. ನಮ್ಮಲ್ಲಿ ಒಬ್ಬ ಅಭ್ಯರ್ಥಿಯ ಖರ್ಚಿಗೆ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ಎಂಬ ಮಿತಿ ಇದೆ. ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲದಿರುವುದು ದೊಡ್ಡ ಕಂಡಿ. ಆದರೂ ಇರುವ ಮಿತಿ ಇರಲಿ. ಇನ್ನೊಂದು ಮಾತು. ಅಲ್ಲಿ ಮತದಾನ ಮಂಗಳವಾರ, 1845ರ ಕಾನೂನಿನ ಪ್ರಕಾರ. ದೇಶಕ್ಕೆಲ್ಲ ರಜೆ ಇಲ್ಲ. ಇಲ್ಲಿ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಅದನ್ನು ನಮ್ಮ ಹಮಾಲಿಗಳಿಗೂ ತಪ್ಪದೆ ಕೊಡಬೇಕು.

"ರಾತ್ರೋರಾತ್ರಿ ಹಂಚುವ ನೋಟಿಗೆ ಯಾವ ಪಟ್ಟಿ?" ಎಂದು ಮಂಡಿಯಲ್ಲೇ ಕೇಳಿದವರಿದ್ದಾರೆ. ಸರಿಯಾದ ಪ್ರಶ್ನೆ. ಅದು ಪಟ್ಟಿಗೆ ಸಿಗುವುದಿಲ್ಲ, ಅದಕ್ಕೆ ಪೊಲೀಸರು, ಚೆಕ್‌ಪೋಸ್ಟ್‌ಗಳೇ ಬೇಕು. ಆದರೆ ಬ್ಯಾಂಕಿನ ಮೂಲಕವೇ ಪಕ್ಷಗಳಿಗೆ ದೊಡ್ಡ ಮೊತ್ತ ಹೋಗುತ್ತದಲ್ಲ, ಅದನ್ನು ತೋರಿಸಲು ಏನು ಕಷ್ಟ? ಲೆಕ್ಕ ಆಗಲೇ ಅವರ ಪುಸ್ತಕದಲ್ಲಿದೆ. ನಾವು ನೋಡುವ ಹೊತ್ತಿಗೆ ತಡವಾಗಿರುತ್ತದೆ ಅಷ್ಟೇ.

2028ಕ್ಕೆ ವಿಧಾನಸಭೆ ಚುನಾವಣೆ ಬರುತ್ತದೆ. ಅಷ್ಟರೊಳಗೆ ಸಂಸತ್ತು ಕಾನೂನು ತಿದ್ದಬೇಕು. ಅಧಿಸೂಚನೆ ಬಂದ ದಿನದಿಂದ ಮತದಾನದವರೆಗೆ ಪಕ್ಷಗಳು, ಅಭ್ಯರ್ಥಿಗಳು ಪಡೆದ ದೇಣಿಗೆಯನ್ನು ವಾರಕ್ಕೊಮ್ಮೆ ಹೆಸರು ಸಮೇತ ಪ್ರಕಟಿಸಲಿ. 20,000ದ ಗೆರೆಯನ್ನು ಕೆಳಗಿಳಿಸಲಿ. ಪಟ್ಟಿ ಕನ್ನಡದಲ್ಲಿರಲಿ, ಫೋನಿನಲ್ಲಿ ಸಿಗಲಿ. ಫೋನಿಲ್ಲದವರಿಗಾಗಿ ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡಿಗೂ ಅಂಟಿಸಲಿ. ನಮ್ಮ ಜಿಲ್ಲೆಯ ಆರು ಕ್ಷೇತ್ರಗಳಿಂದ ಗೆದ್ದವರು, ಸೋತವರು ಇಬ್ಬರಿಗೂ ಈ ಪತ್ರದ ಪ್ರತಿ ಕಳಿಸುತ್ತಿದ್ದೇನೆ. ಅವರು ಏನು ಹೇಳುತ್ತಾರೆ ಎಂದು ನೀವೂ ಕೇಳಿ, ಉತ್ತರ ಬಂದರೆ ದಯವಿಟ್ಟು ಪ್ರಕಟಿಸಿ.

ಇಂತಿ,
ಮಂಡಿ ಗುಮಾಸ್ತ, ಕೋಲಾರ